ಏಳನೆಯ ಪದ

ದುಂಗಾ ದಂಡೆಯಲ್ಲಿ ನನ್ನದೊಂದು ತಗಡಿನ ಗೂಡು.
ಮೊಬೈಲು ರಿಪೇರಿ, ಚಾರ್ಜಿಂಗ್‌ಗೆ ಹತ್ತು ಶಿಲ್ಲಿಂಗ್,
ಓದು ಬಾರದವರಿಗೆ ಮೆಸೇಜು ಓದಿ ಹೇಳುವುದು ಪುಕ್ಕಟೆ.
ಅದಕ್ಕೇ ಅವರು ನನ್ನ ಬಳಿ ಬಂದರು,
ಒಮೆನಾ ಮೀನು ಒಣಗಿಸುವ ಹನ್ನೆರಡು ಹೆಂಗಸರು,
ಮೂರು ಬೀಗದ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು.

"ಒಡೊಂಗೊ, ಈ ದುಡ್ಡು ಕೂತಲ್ಲೇ ಸವೆಯುತ್ತಿದೆ," ಎಂದಳು ಅವಿತಿ.
"ಹಿಂದೆ ಒಂದು ದೋಣಿಯಷ್ಟಿತ್ತು,
ಈಗ ಎರಡು ಹುಟ್ಟಿಗೂ ಸಾಲದು.
ಪಟ್ಟಣದ ಹುಡುಗರು ಅದೇನೋ ಕಾಣದ ನಾಣ್ಯ ಕೊಳ್ಳುತ್ತಾರಂತಲ್ಲ,
ನಮಗೂ ಒಂದು ಮುಷ್ಟಿ ಕೊಡಿಸು."

ಮುಷ್ಟಿ!
ಮೊದಲು ಕಾರ್ಡು ಕೇಳಿತು. ಕಾರ್ಡಿನಲ್ಲಿ ಅವಳು ಮಾರ್ಗರೆಟ್,
ಸಿಮ್ಮಿನಲ್ಲಿ ಅವಿತಿ. ಇಬ್ಬರೂ ಒಬ್ಬಳೇ ಎಂದು
ಇಡೀ ದಂಡೆ ಸಾಕ್ಷಿ ಹೇಳಬಲ್ಲದು, ಆದರೆ
ದಂಡೆಯನ್ನು ಅಪ್‌ಲೋಡ್ ಮಾಡುವ ಗುಂಡಿ ಇರಲಿಲ್ಲ.
ಹೆಬ್ಬೆಟ್ಟು ಒತ್ತು, ಎಂದಿತು.
ನಲವತ್ತು ವರ್ಷ ಹುರುಪೆ ಕೆರೆದ ಬೆರಳು,
ಅದರ ಗೆರೆಗಳೆಲ್ಲ ಎಂದೋ ನೀರು ಸೇರಿವೆ.
ಮುಖ ತೋರಿಸು, ಕಣ್ಣು ಮಿಟುಕಿಸು, ಎಂದಿತು.
ಮಿಟುಕಿಸಿದಳು, ಹಲ್ಲು ಬಿಟ್ಟಳು, ಬಿಸಿಲಿಗೆ ತಿರುಗಿದಳು.
"ಬೆಳಕು ಸಾಲದು" ಎಂದಿತು,
ನಡುಮಧ್ಯಾಹ್ನ, ಭೂಮಧ್ಯರೇಖೆಯ ಮಗ್ಗುಲಲ್ಲಿ.

ಕೊನೆಗೆ ನನ್ನ ಮುಖ, ನನ್ನ ಹೆಬ್ಬೆಟ್ಟು.
ಕಳಿಸಲೊಂದು ಕಮಿಷನ್ನು, ಬದಲಿಸಲೊಂದು, ಸುಮ್ಮನೆ ಒಂದು.
ಬೆಕ್ಕುಗಳು ಕಾದಿದ್ದ ದಾರಿಯಲ್ಲಿ ಬುಟ್ಟಿ ಹೊತ್ತಂತೆ
ತಲುಪಿದ್ದು ಮುಕ್ಕಾಲು.
ಆಮೇಲೆ ಪರದೆ ಹನ್ನೆರಡು ಇಂಗ್ಲಿಷ್ ಪದ ಕೊಟ್ಟಿತು:
ಇದೇ ಕೀಲಿ, ಕಳೆದರೆ ದೇವರೂ ತೆರೆಯಲಾರ.

"ಬರೆದಿಡಬೇಡ," ಎಂದಳು ಅಬುರಾ.
"ನೀನು ಕಳ್ಳನೆಂದಲ್ಲ. ಕಾಗದವೆಂದರೆ ಇಲಿಗಿಷ್ಟ,
ಗಂಡಂದಿರಿಗೆ ಇನ್ನೂ ಇಷ್ಟ."
ಹನ್ನೆರಡು ಪದ, ಹನ್ನೆರಡು ಬಾಯಿ.
ಸಾಲಾಗಿ ಕೂರಿಸಿ ಒಬ್ಬೊಬ್ಬಳ ಕಿವಿಯಲ್ಲಿ ಒಂದೊಂದು ಹೇಳಿದೆ,
ಕೂಸಿಗೆ ಹೆಸರು ಹೇಳಿದಂತೆ.
ಅಬುರಾಗೆ ಅಂಬ್ರೆಲಾ. ಅಜ್ವಾಂಗ್‌ಗೆ ವೆಲ್ವೆಟ್.
ವೆಲ್ವೆಟ್ ಎಂದರೆ ಬೆಕ್ಕಿನ ಹೊಟ್ಟೆ, ಎಂದೆ; ನಕ್ಕಳು.
ಏಳನೆಯವಳು ಅವಿತಿ.
ಫೋನಿನಿಂದ ಅಳಿಸು ಎಂದರು, ಅಳಿಸಿದೆ.
ಮರೆಯುತ್ತೇನೆಂದು ಆಣೆ ಮಾಡು ಎಂದರು,
ಮಾಡಿದೆ. ಮರೆತೂಬಿಟ್ಟೆ.

ಜ್ವರ ಎರಡೇ ದಿನ.
ಮೂರು ರಾತ್ರಿ ಹಾಡಿದರು, ಹೋರಿ ಕಡಿದರು.
ಮಣ್ಣು ಹಾಕುವಾಗಲೇ ಹನ್ನೊಂದು ಜನ
ಒಬ್ಬರನ್ನೊಬ್ಬರು ನೋಡಿಕೊಂಡದ್ದು.
ಬಾಯಿಗೊಂದು ಎಂದು ಹಂಚಿದ್ದೆವು,
ಮಣ್ಣಿಗೂ ಒಂದು ಬಾಯಿದೆಯೆಂದು ಲೆಕ್ಕ ಹಿಡಿದಿರಲಿಲ್ಲ.

ದುಡ್ಡು ಅಲ್ಲೇ ಇದೆ. ಬನ್ನಿ, ತೋರಿಸುತ್ತೇನೆ,
ಯಾರು ಬೇಕಾದರೂ ನೋಡಬಹುದು, ಮೊದಲಿಗಿಂತ ದಪ್ಪಗಾಗಿದೆ,
ತಿಳಿನೀರಿನ ಮೀನು; ಕೈ ಹಾಕಿದರೆ ಗಾಜು.
ನೈರೋಬಿಯಲ್ಲೊಬ್ಬ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಾನಂತೆ.
ಮುಂಗಡ ಕೊಡಬೇಕು,
ಉಳಿದ ಹನ್ನೊಂದನ್ನೂ ಅವನಿಗೆ ಹೇಳಬೇಕು.
ನಾನು ಕಳ್ಳನಾಗಿದ್ದರೆ, ಆವತ್ತೇ ಕದ್ದು ಬರೆದಿಟ್ಟಿದ್ದರೆ,
ಇವತ್ತು ಇವರ ದುಡ್ಡು ಇವರಿಗೆ ಸಿಗುತ್ತಿತ್ತು.

ಆ ಪಟ್ಟಿಯಲ್ಲಿ ಎರಡು ಸಾವಿರದ ನಲವತ್ತೆಂಟು ಪದಗಳಿವೆ.
ರಾತ್ರಿ ಗೂಡು ಮುಚ್ಚಿದ ಮೇಲೆ ಬರುತ್ತಾರೆ,
ಸಾಲಾಗಿ ಕೂತು ತಮ್ಮ ತಮ್ಮ ಪದ ಹೇಳುತ್ತಾರೆ.
ಏಳನೆಯ ಜಾಗ ಬಂದಾಗ ನಾನೊಂದು ಹೊಸದನ್ನು ಹಾಕುತ್ತೇನೆ.
ತಪ್ಪು. ತಪ್ಪು. ತಪ್ಪು.
ಒಮ್ಮೊಮ್ಮೆ ಯಾವುದೋ ಬಾಗಿಲು ತೆರೆದೇಬಿಡುತ್ತದೆ,
ಒಳಗೆ ಸೊನ್ನೆ: ಯಾರೂ ಹುಟ್ಟದ, ಯಾರೂ ಸಾಯದ ಮನೆ.
ಮುಚ್ಚಿ ಬರುತ್ತೇವೆ.

ಈಗ ಎಲ್ ಅಕ್ಷರದಲ್ಲಿದ್ದೇವೆ. "ಲ್ಯಾಡರ್" ಎಂದೆ ನಿನ್ನೆ.
ಏನದು, ಎಂದರು. ಏಣಿ, ಎಂದೆ.
"ಅವಳದು ಅದಲ್ಲ," ಎಂದಳು ಅಜ್ವಾಂಗ್.
"ಹೇಳಿಕೊಳ್ಳುವಾಗ ಅವಳ ತುಟಿ ಕೂಡುತ್ತಿತ್ತು,
ಮೀನಿನ ಬಾಯಿಯ ಹಾಗೆ.
ಪ ಇರಬೇಕು. ಇಲ್ಲಾ ಮ."
ಹನ್ನೊಂದು ಜನ ಕತ್ತಲಲ್ಲಿ
ತುಟಿ ಮುಚ್ಚಿದರು, ತೆರೆದರು.